ತಾನು ಸವೆದು ಟ್ಯಾಂಕನ್ನು ಕಾಯುವ ಸಲಾಕೆ

2022ರ ಜನವರಿ. ಸಂಕ್ರಮಣ ಕಳೆದು ವಾರವಾಗಿತ್ತು. ಜತ್ತ ಸೀಮೆಯಲ್ಲಿ ಆ ದಿನಗಳ ಮುಂಜಾವಿನ ಚಳಿ ಎಂಥದೆಂಬುದನ್ನು ಅಲ್ಲಿ ಬಾಳಿದವರೇ ಬಲ್ಲರು. ಸ್ನಾನಕ್ಕೆಂದು ಬಚ್ಚಲಿಗೆ ಹೋದ ನಮ್ಮ ತಾಯಿಯವರು ಕ್ಷಣಾರ್ಧದಲ್ಲಿ ಹೊರಗೆ ಬಂದು, "ತಮ್ಮಾ, ನಳದಾಗಿನ ನೀರು ಕಡಿಯಾಕ ಹತ್ತೈತಿ ನೋಡೋ" ಎಂದರು. ಎಂಬತ್ತರ ಸಮೀಪದ ಜೀವ. ಚಳಿಗೆ ಬೆರಳು ಮರಗಟ್ಟಿರಬೇಕೆಂದು ನಾವು ನಕ್ಕೆವು. ಅವರ ಸಮಾಧಾನಕ್ಕೆಂದು ಹೋಗಿ ನಳಕ್ಕೆ ಕೈಯಿಟ್ಟಾಗ ಮೊಣಕೈವರೆಗೆ ಜುಮ್ಮೆಂದಿತು. ನಗೆ ಅಲ್ಲಿಗೇ ಉಡುಗಿತು. ಓಡಿಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದ ಮೇಲೆಯೇ ನಮಗೆ ಉಸಿರು ಬಂದದ್ದು.

ಮಧ್ಯಾಹ್ನ ಬಂದ ಮಿಸ್ತ್ರಿ ಗೋಡೆಯ ಮೇಲಿನ ಗೀಸರಿನ ಕೆಳಮುಚ್ಚಳವನ್ನು ಬಿಚ್ಚಿದನು. ಒಳಗಿನ ಟ್ಯಾಂಕಿನ ತಳದಲ್ಲಿ ಬೆಸುಗೆಯ ಅಂಚು ತುಕ್ಕುಹಿಡಿದು ತೂತಾಗಿ, ಕಾವಿಬಣ್ಣದ ನೀರು ಹನಿಹನಿಯಾಗಿ ತಂತಿಗಳ ಮೇಲೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ಅಪರಾಧ ಗೋಡೆಯೊಳಗಿತ್ತು: ಮೂರು ತೂತಿನ ಸಾಕೆಟ್ಟಿನ ದೊಡ್ಡ ತೂತಿಗೆ ಅರ್ಥಿಂಗಿನ ತಂತಿಯನ್ನೇ ಜೋಡಿಸಿರಲಿಲ್ಲ. ಮನೆ ಕಟ್ಟಿಸುವಾಗ ಅದನ್ನು ನೋಡಿಕೊಳ್ಳಬೇಕಾಗಿದ್ದವರು ನಾವು. ಅನಂತರ ಅವನು ಟ್ಯಾಂಕಿನ ತಳದ ತಟ್ಟೆಯನ್ನು ಕಳಚಿ ಹೊರಗೆಳೆದು, ಕಾಯಿಲಿನ ಪಕ್ಕದಲ್ಲಿ ನಿಂತಿದ್ದ, ಸೈಕಲ್ಲಿನ ಕಡ್ಡಿಯಷ್ಟು ತೆಳುವಾದ ಒಂದು ತಂತಿಯನ್ನು ತೋರಿಸಿ, "ಮಾಸ್ತರ, ಇದರ ಮ್ಯಾಲಿನ ರಾಡ್ ಯಾವಾಗ ಬದಲಿ ಮಾಡಿಸಿದ್ರಿ?" ಎಂದು ಕೇಳಿದನು. ಬದಲಿ ಮಾಡಿಸುವುದಿರಲಿ, ಅಲ್ಲೊಂದು ಸಲಾಕೆ ಇತ್ತೆಂಬುದನ್ನೇ ನಾವು ಕೇಳುತ್ತಿದ್ದುದು ಅದೇ ಮೊದಲು.

ಗೀಸರನ್ನು ಕೊಂಡದ್ದು 2017ರಲ್ಲಿ. ಟ್ಯಾಂಕಿಗೆ ಏಳು ವರ್ಷಗಳ ಭರವಸೆಯ ಪತ್ರವಿತ್ತು. ಐದನೆಯ ವರ್ಷಕ್ಕೇ ಟ್ಯಾಂಕು ಹೋದುದರಿಂದ ಹೊಸದು ಸಿಗುವುದೆಂದು ನಂಬಿ ಆ ಪುಸ್ತಿಕೆಯನ್ನು ಹುಡುಕಿ ತೆಗೆದೆವು. ಎರಡನೆಯ ಪುಟದ ಕೆಳಗೆ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಆನೋಡ್ ಸಲಾಕೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸವೆದಿದ್ದರೆ ಬದಲಾಯಿಸತಕ್ಕದ್ದು, ಇಲ್ಲವಾದರೆ ಭರವಸೆ ಊರ್ಜಿತವಲ್ಲ ಎಂದು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮುದ್ರಿಸಿತ್ತು. 'ಪ್ರಶ್ನೆಯನ್ನು ಪೂರ್ತಿ ಓದಿಕೊಂಡು ಉತ್ತರ ಬರೆಯಿರಿ' ಎಂದು ಮೂರು ದಶಕಗಳಿಂದ ಮಕ್ಕಳಿಗೆ ಹೇಳುತ್ತ ಬಂದವರು ನಾವು! ಆ ಪುಸ್ತಿಕೆಯಲ್ಲಿ ಕನ್ನಡವಿರಲಿಲ್ಲ. ಗಡಿಯ ಈಚೆ ಅದನ್ನು ನಾವು ನಿರೀಕ್ಷಿಸಿಯೂ ಇರಲಿಲ್ಲ. ನಮ್ಮ ಓದುಗರ ಮನೆಗಳಲ್ಲಿ ಎಷ್ಟು ಕಡೆ ಇದೇ ಕಥೆಯೋ ಎಂಬ ಅಂಜಿಕೆಯಿಂದ ಈ ವಿಷಯವನ್ನು ಕನ್ನಡದಲ್ಲಿ ಬರೆಯಲು ತೊಡಗಿದ್ದೇವೆ.

ನಮ್ಮ ಅಜ್ಜನ ಕಾಲದ ತಾಮ್ರದ ಬಂಬಕ್ಕೆ ಇಂಥ ಸಲಾಕೆಯ ಹಂಗಿರಲಿಲ್ಲ. ನಡುವೆ ಹೊಗೆಗೊಳವಿಯಿದ್ದು, ಕೆಳಗೆ ಚಿಪ್ಪಾಡಿಯನ್ನೋ ಜಾಲಿಕಟ್ಟಿಗೆಯನ್ನೋ ತುರುಕಿದರೆ ಮೇಲೆ ನೀರು ಕುದಿಯುತ್ತಿದ್ದ ಆ ಬಂಬ ಮೂರು ತಲೆಮಾರುಗಳಿಗೆ ನೀರು ಕಾಯಿಸಿತು. ಕಾಸರಗೋಡಿನ ಕಡೆಯ ಓದುಗರಿಗೆ ಬಚ್ಚಲೊಲೆಯ ಮೇಲೆ ಹೂತಿಟ್ಟ ಹಂಡೆ ನೆನಪಾಗಬಹುದು. ತಾಮ್ರ ನೀರಿನಲ್ಲಿ ಸುಲಭವಾಗಿ ಕರಗುವ ಲೋಹವಲ್ಲ. ಆದರೆ ಅದರ ಬೆಲೆ ಇಂದು ಎಲ್ಲರ ಕೈಗೆ ಎಟಕುವಂಥದಲ್ಲ. ಆದುದರಿಂದ ಈಗಿನ ಬಹಳಷ್ಟು ಗೀಸರುಗಳ ಟ್ಯಾಂಕು ಉಕ್ಕಿನದು. ಬರಿಯ ಉಕ್ಕು ಬಿಸಿನೀರಿನಲ್ಲಿ ಬೇಗನೆ ತುಕ್ಕು ಹಿಡಿಯುವುದರಿಂದ ಅದರ ಒಳಮೈಗೆ ಗಾಜಿನ ಪುಡಿಯ ಲೇಪ ಕೊಟ್ಟು, 800 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿನ ಕಾವಿನ ಭಟ್ಟಿಯಲ್ಲಿ ಸುಟ್ಟಿರುತ್ತಾರೆ. ಹಿಂದೆ ನಮ್ಮ ಅಡಿಗೆಮನೆಗಳಲ್ಲಿದ್ದ, ಬಿಳಿಯ ಮೈಗೆ ನೀಲಿಯಂಚಿನ ಎನಾಮಲ್ ತಟ್ಟೆಗಳನ್ನು ನೆನೆಯಿರಿ. ತಟ್ಟೆ ಕೈಜಾರಿ ಬಿದ್ದು ಎಲ್ಲಿ ಚಕ್ಕೆಯೆದ್ದಿತೋ ಅಲ್ಲಿಯೇ ಕರಿಯ ಚುಕ್ಕೆ ಮೂಡಿ, ಕ್ರಮೇಣ ತೂತಾಗುತ್ತಿತ್ತು. ಗೀಸರಿನ ಗಾಜಿನ ಲೇಪದಲ್ಲಿಯೂ ಕಣ್ಣಿಗೆ ಕಾಣದ ಸೂಜಿಮೊನೆಯಂಥ ರಂಧ್ರಗಳು ಹುಟ್ಟುವಾಗಲೇ ಇರುತ್ತವೆ. ದಿನವೂ ಕಾಯ್ದು ಆರುವುದರಿಂದ ಹೊಸ ಬಿರುಕುಗಳೂ ಬೀಳುತ್ತವೆ. ಅಲ್ಲಿ ಬೆತ್ತಲಾದ ಉಕ್ಕನ್ನು ಕಾಯುವ ಹೊಣೆ ಆ ಸಲಾಕೆಯದು.

ಅದು ಮೆಗ್ನೀಷಿಯಮ್ ಎಂಬ ಹಗುರವಾದ ಬೂದುಬಿಳುಪಿನ ಲೋಹದ್ದು; ನಡುವೆ ಉಕ್ಕಿನ ತಂತಿಯೊಂದು ಬೆನ್ನೆಲುಬಿನಂತಿರುತ್ತದೆ. ಮನೆಬಳಕೆಯ ಸಣ್ಣ ಗೀಸರುಗಳಲ್ಲಿ ಅದು ಸುಮಾರು ಒಂದು ಗೇಣುದ್ದ, ಬೆರಳುದಪ್ಪ ಇರುವುದುಂಟು. ಟ್ಯಾಂಕಿಗೆ ಬರಬೇಕಾದ ತುಕ್ಕನ್ನು ತಾನು ತಡೆದುಕೊಂಡು ಅದು ಸವೆಯುತ್ತ ಹೋಗುತ್ತದೆ. ಅದು ಮುಗಿದ ದಿನದಿಂದ ಟ್ಯಾಂಕಿನ ಸರದಿ ಆರಂಭ. ನಮ್ಮ ಮನೆಯಲ್ಲಿ ಅದು ಯಾವ ವರ್ಷ ಮುಗಿದಿತ್ತೋ, ಬಲ್ಲವರಿಲ್ಲ.

ಒಂದು ಲೋಹ ಮತ್ತೊಂದನ್ನು ಹೇಗೆ ಕಾಯಬಲ್ಲುದು? ಇದನ್ನು ನಾವು ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಮಾಡಿ ತೋರಿಸಿದೆವು. ಯಾವ ಮನೆಯಲ್ಲಿಯೂ ಮಾಡಬಹುದು. ಮೂರು ಗಾಜಿನ ಲೋಟಗಳಲ್ಲಿ ನೀರು ತುಂಬಿ ಒಂದೊಂದು ಚಮಚ ಉಪ್ಪು ಕರಗಿಸಿದೆವು. ಮೂರು ಕಬ್ಬಿಣದ ಮೊಳೆಗಳನ್ನು ಉಸುಕು ಕಾಗದದಿಂದ ಹೊಳೆಯುವಂತೆ ತಿಕ್ಕಿ, ಒಂದನ್ನು ಹಾಗೆಯೇ ಮುಳುಗಿಸಿದೆವು. ಎರಡನೆಯದಕ್ಕೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿದೆವು. ಮೂರನೆಯದಕ್ಕೆ ಹಳೆಯ ಟಾರ್ಚಿನ ಸೆಲ್ಲನ್ನು ಬಿಡಿಸಿ, ಅದರ ಹೊರಕವಚದ ಜಸ್ತದ ಪಟ್ಟಿಯೊಂದನ್ನು ತೊಳೆದು ಸುತ್ತಿದೆವು. (ಸೆಲ್ಲನ್ನು ಬಿಡಿಸುವ ಕೆಲಸವನ್ನು ಮಕ್ಕಳಿಗೆ ಬಿಡಬಾರದು. ಸಾಧಾರಣ ಅಗ್ಗದ ಸೆಲ್ಲುಗಳನ್ನಷ್ಟೇ ಬಿಡಿಸಬೇಕು. ಮೊಬೈಲಿನಂಥ ಬ್ಯಾಟರಿಗಳಿಗೆ ಕೈಹಚ್ಚಲೇಬಾರದು.) ಐದನೆಯ ದಿನ ನೋಡಿದರೆ ಬರಿಯ ಮೊಳೆಯ ಲೋಟದಲ್ಲಿ ಕೆಂಪು ಕೆಸರು ತಳಕಚ್ಚಿತ್ತು. ತಾಮ್ರ ಸುತ್ತಿದ ಮೊಳೆ ಅದಕ್ಕಿಂತಲೂ ಹೆಚ್ಚು ತುಕ್ಕುಹಿಡಿದಿತ್ತು. ಜಸ್ತ ಸುತ್ತಿದ ಮೊಳೆ ಹೊಳಪು ಕಳೆದುಕೊಂಡಿರಲಿಲ್ಲ. ಆದರೆ ಅದರ ಪಟ್ಟಿ ಮಾತ್ರ ಬಿಳಿಯ ಬೂಷ್ಟು ಬಂದಂತೆ ಮಂಕಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಗುರುಗಳ, ಕೆರಿಗಿ ಸೊಸಿನ್ನ ಬಲಿ ಕೊಟ್ಟಾಂಗ ಆತಲ್ರಿ ಇದು?" ಎಂದಳು. ನಾವು ಮೂವತ್ತು ವರ್ಷ ಪಾಠ ಮಾಡಿಯೂ ಅಷ್ಟು ಸರಳವಾಗಿ ಹೇಳಿರಲಾರೆವು.

ಲೋಹಗಳೆಲ್ಲ ನೀರಿನಲ್ಲಿ ಒಂದೇ ಆತುರದಿಂದ ಕರಗುವುದಿಲ್ಲ. ಕರಗುವಾಗ ಲೋಹದ ಪರಮಾಣು ತನ್ನ ಇಲೆಕ್ಟ್ರಾನುಗಳನ್ನು ಹಿಂದೆ ಬಿಟ್ಟು ನೀರಿಗಿಳಿಯುತ್ತದೆ. ಹೀಗೆ ಬಿಟ್ಟುಕೊಡುವ ಆತುರವನ್ನು ವಿಜ್ಞಾನಿಗಳು ವೋಲ್ಟುಗಳಲ್ಲಿ ಅಳೆದು ಸಾಲಾಗಿ ನಿಲ್ಲಿಸಿದ್ದಾರೆ: ಮೆಗ್ನೀಷಿಯಮ್ ಋಣ 2.37, ಅಲ್ಯುಮಿನಿಯಮ್ ಋಣ 1.66, ಸತು ಅಥವಾ ಜಸ್ತ ಋಣ 0.76, ಕಬ್ಬಿಣ ಋಣ 0.44, ತಾಮ್ರ ಧನ 0.34. ಋಣ ಹೆಚ್ಚಿದಷ್ಟೂ ಕರಗುವ ಆತುರ ಹೆಚ್ಚು. ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಒಂದೇ ನೀರಿನಲ್ಲಿದ್ದರೆ, ಹೆಚ್ಚು ಆತುರದ ಲೋಹವು ಕರಗಿ ತನ್ನ ಇಲೆಕ್ಟ್ರಾನುಗಳನ್ನು ಇನ್ನೊಂದಕ್ಕೆ ಹರಿಯಬಿಡುತ್ತದೆ. ಅವನ್ನು ಪಡೆದ ಲೋಹ ಕರಗದೆ ಉಳಿಯುತ್ತದೆ. ಜಸ್ತದ ಜೊತೆಗಿದ್ದಾಗ ಕಬ್ಬಿಣ ಉಳಿದದ್ದೂ, ತಾಮ್ರದ ಜೊತೆಗಿದ್ದಾಗ ಅದೇ ಕಬ್ಬಿಣ ಅಳಿದದ್ದೂ ಈ ಒಂದೇ ನಿಯಮದಿಂದ. ಜಸ್ತದ ಬಕೀಟಿನ ಮೇಲೆ ಗೀರು ಬಿದ್ದರೂ ಅದು ವರ್ಷಗಟ್ಟಲೆ ಬಾಳುವುದಕ್ಕೆ ಇದೇ ಕಾರಣ. ತವರದ ಲೇಪದ ಬಿಸ್ಕೀಟಿನ ಡಬ್ಬಿಗೆ ಗೀರು ಬಿದ್ದರೆ ಆ ಗೀರಿನಲ್ಲಿಯೇ ತುಕ್ಕು ವೇಗವಾಗಿ ಹಬ್ಬುತ್ತದೆ. ತವರವು ಕಬ್ಬಿಣಕ್ಕಿಂತ ಕಡಿಮೆ ಆತುರದ ಲೋಹವಾದುದರಿಂದ ಅದು ಕಾಯುವ ಬದಲು ಕೊಲ್ಲುತ್ತದೆ.

ಹಾಗಾದರೆ ಗೀಸರಿನಲ್ಲಿ ಅಗ್ಗದ ಜಸ್ತವನ್ನೇ ಏಕೆ ಇಡಬಾರದೆಂದು ಯಾರಾದರೂ ಕೇಳಬಹುದು. ಸುಮಾರು 60 ಡಿಗ್ರಿಯ ಮೇಲಿನ ಬಿಸಿಯಲ್ಲಿ, ಕೆಲವು ಬಗೆಯ ನೀರಿನಲ್ಲಿ, ಜಸ್ತದ ಮೇಲೊಂದು ಪೊರೆ ಕಟ್ಟಿ ಅದರ ಸ್ಥಾನವೂ ಕಬ್ಬಿಣದ ಸ್ಥಾನವೂ ಅದಲುಬದಲಾಗುವುದುಂಟು. ಕಾವಲುಗಾರನೇ ಕಳ್ಳನಾದಂತೆ! ಆದುದರಿಂದ ಮೆಗ್ನೀಷಿಯಮ್ಮಿಗೇ ಪ್ರಾಶಸ್ತ್ಯ. ಕೆಲವೆಡೆ ಅಲ್ಯುಮಿನಿಯಮ್ಮಿಗೆ ಸ್ವಲ್ಪ ಸತು ಬೆರೆಸಿದ ಸಲಾಕೆಯನ್ನೂ ಬಳಸುತ್ತಾರೆ.

ಈ ಉಪಾಯವನ್ನು ಲೋಕಕ್ಕೆ ತೋರಿಸಿದವನು ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ. ಆ ಕಾಲದ ಯುದ್ಧನೌಕೆಗಳ ಮರದ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು; ಸಮುದ್ರದ ಉಪ್ಪುನೀರು ಆ ತಾಮ್ರವನ್ನು ತಿನ್ನುತ್ತಿತ್ತು. ತಗಡಿಗೆ ಸಣ್ಣ ಸಣ್ಣ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಅವು ಸವೆದು ತಾಮ್ರ ಉಳಿಯುವುದೆಂದು ಡೇವಿಯು 1824ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಪ್ರಯೋಗಕ್ಕೊಳಗಾದ ಹಡಗುಗಳಲ್ಲೊಂದಾದ 'ಸಮರಾಂಗ್' ನಮ್ಮ ಕೊಚ್ಚಿಯಲ್ಲಿ ಕಟ್ಟಿದ್ದು. ಅದು ಅಟ್ಲಾಂಟಿಕ್ ಸಾಗರ ದಾಟಿ ನೋವಾ ಸ್ಕೋಷಿಯಾಕ್ಕೆ ಹೋಗಿ ಮರಳಿದಾಗ ತಾಮ್ರವೇನೋ ಉಳಿದಿತ್ತು. ಆದರೆ ವಿಚಿತ್ರವಾದ ತೊಡಕೊಂದು ಎದುರಾಯಿತು. ತಾಮ್ರ ಸ್ವಲ್ಪಸ್ವಲ್ಪವೇ ಕರಗುತ್ತಿದ್ದಾಗ ಅದರ ವಿಷಕ್ಕೆ ಹೆದರಿ ದೂರವಿರುತ್ತಿದ್ದ ಪಾಚಿಯೂ ಚಿಪ್ಪುಜೀವಿಗಳೂ, ಕರಗುವುದು ನಿಂತಕೂಡಲೆ ಹಡಗುಗಳ ತಳಕ್ಕೆ ದಟ್ಟವಾಗಿ ಮೆತ್ತಿಕೊಂಡು ಅವುಗಳ ವೇಗವನ್ನೇ ಕುಗ್ಗಿಸಿದವು. ನೌಕಾಪಡೆ ಆ ತುಂಡುಗಳನ್ನು ತೆಗೆಸಿಹಾಕಿತು. ಡೇವಿಗೆ ಅದು ಬಹಳ ನೋವು ತಂದಿತೆನ್ನುತ್ತಾರೆ. ಆದರೆ ಅವನ ತತ್ತ್ವ ಸುಳ್ಳಾಗಲಿಲ್ಲ: ಇಂದು ಉಕ್ಕಿನ ಹಡಗುಗಳ ಮೈಗೂ, ನೆಲದಡಿಯ ಎಣ್ಣೆ ಕೊಳವೆಗಳಿಗೂ, ನಮ್ಮ ಬಚ್ಚಲಿನ ಗೀಸರಿಗೂ ಅದೇ ಕಾವಲು.

ಸಲಾಕೆ ಎಷ್ಟು ದಿನ ಬಾಳುತ್ತದೆಂಬುದು ನೀರನ್ನು ಅವಲಂಬಿಸಿದೆ. ನಮ್ಮ ಜತ್ತ, ಅಕ್ಕಲಕೋಟೆಯ ಕಡೆಯ ಎಷ್ಟೋ ಬೋರುಗಳ ನೀರು ಗಡಸು. ಸಾಬೂನು ನೊರೆಯೊಡೆಯುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಇಂಥ ಲವಣಭರಿತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಸಲಾಕೆ ಬೇಗ ಸವೆಯುತ್ತದೆ. ಮೇಲಾಗಿ ಸುಣ್ಣದ ಹೊಪ್ಪಳಿಕೆ ಸಲಾಕೆಯ ಸುತ್ತ ಕಟ್ಟಿಕೊಂಡರೆ ಅದು ಇದ್ದೂ ಇಲ್ಲದಂತಾಗುತ್ತದೆ. ನೀರನ್ನು ಮೆದುಗೊಳಿಸುವ ಯಂತ್ರ ಕೂಡಿಸಿಕೊಂಡ ಮನೆಯವರು ತಮಗೆ ಈ ಚಿಂತೆಯಿಲ್ಲವೆಂದು ತಿಳಿಯುವುದು ಸಹಜ. ಆದರೆ ಆ ಯಂತ್ರವು ಸುಣ್ಣವನ್ನು ತೆಗೆದು ಸೋಡಿಯಮ್ಮಿನ ಲವಣವನ್ನು ಬಿಡುವುದರಿಂದ ಸಲಾಕೆ ಇನ್ನೂ ಬೇಗ ಸವೆಯುವುದುಂಟು. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೆದು, ಆದರೆ ಹಲವೆಡೆ ಸ್ವಲ್ಪ ಆಮ್ಲಗುಣದ್ದು. ಅಲ್ಲಿ ಸುಣ್ಣ ಕಟ್ಟುವ ಕಾಟವಿಲ್ಲದಿದ್ದರೂ ಲೋಹವನ್ನು ತಿನ್ನುವ ಗುಣವಿದೆ. ನೀಲಗಿರಿಯ ನಮ್ಮ ಬಾಂಧವರಂತೂ ವರ್ಷವಿಡೀ ಬಿಸಿನೀರು ಬಳಸುವವರು; ಅವರ ಸಲಾಕೆಗೆ ರಜೆಯೇ ಇಲ್ಲ. ಒಟ್ಟಿನಲ್ಲಿ ವರ್ಷಕ್ಕೊಮ್ಮೆ ತೆಗೆದು ನೋಡುವುದು ನಿಯಮ. ಗಡಸುನೀರಿನ ಊರಲ್ಲಿ ಮೊದಲ ಸಲ ಆರು ತಿಂಗಳಿಗೇ ನೋಡಿದರೆ, ತಮ್ಮ ನೀರು ಅದನ್ನು ಎಷ್ಟು ತಿನ್ನುತ್ತದೆಂಬ ಲೆಕ್ಕ ಸಿಗುತ್ತದೆ. ದಪ್ಪ ಅರ್ಧಕ್ಕಿಳಿದಿದ್ದರೆ, ಇಲ್ಲವೆ ಒಳಗಿನ ತಂತಿ ಎಲ್ಲಿಯಾದರೂ ಕಾಣಿಸಿದರೆ, ಬದಲಾಯಿಸಬೇಕು.

ಬದಲಾಯಿಸುವ ಕ್ರಮವನ್ನು ಹೇಳುವ ಮುನ್ನ ಒಂದು ಮಾತು. ವಿದ್ಯುತ್ತಿನ ಕೆಲಸದ ಅಭ್ಯಾಸವಿಲ್ಲದವರು ಇದನ್ನು ತಿಳಿದವನಿಂದಲೇ ಮಾಡಿಸಬೇಕು. ಆದರೆ ಅವನ ಪಕ್ಕದಲ್ಲಿ ನಿಂತು ಏನು ಮಾಡುತ್ತಾನೆಂಬುದನ್ನು ನೋಡಲು ಈ ಕ್ರಮ ತಿಳಿದಿರಬೇಕು. ನಮ್ಮ ಮಿಸ್ತ್ರಿ ಮೊದಲು ಗೀಸರಿನ ಸ್ವಿಚ್ಚನ್ನಷ್ಟೇ ಅಲ್ಲ, ಪ್ಲಗ್ಗನ್ನೇ ಕಿತ್ತು, ಮೇನ್ ಬೋರ್ಡಿನಲ್ಲಿ ಅದರ ಎಂ.ಸಿ.ಬಿ.ಯನ್ನೂ ಇಳಿಸಿದನು. ನೀರು ಪೂರ್ತಿ ತಣಿಯುವವರೆಗೆ ಕಾಯ್ದು (ಇದಕ್ಕೆ ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಕೆಲಸ ಹಿಡಿಯುವುದೇ ಲೇಸು) ತಣ್ಣೀರು ಒಳಗೆ ಬರುವ ವಾಲ್ವನ್ನು ಮುಚ್ಚಿದನು. ಬಿಸಿನೀರಿನ ನಳವನ್ನು ತಿರುಗಿಸಿ ಒತ್ತಡ ಇಳಿಸಿ, ಟ್ಯಾಂಕನ್ನು ಬಕೀಟಿಗೆ ಬರಿದು ಮಾಡಿದನು. ಕೆಳಮುಚ್ಚಳ ತೆಗೆದಮೇಲೆ ಟೆಸ್ಟರ್ ಹಿಡಿದು ವಿದ್ಯುತ್ತಿಲ್ಲವೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಯಾವ ತಂತಿ ಎಲ್ಲಿತ್ತೆಂಬುದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡನು. ಈ ಕೊನೆಯ ಬುದ್ಧಿವಂತಿಕೆಯನ್ನು ನಾವು ಅವನಿಂದಲೇ ಕಲಿತೆವು.

ಬಳಿಕ ತಳದ ತಟ್ಟೆಯ ನಟ್ಟುಗಳನ್ನು ಪಾನಾದಿಂದ ಬಿಚ್ಚಿ, ಕಾಯಿಲು ಸಲಾಕೆಗಳ ಸಮೇತ ತಟ್ಟೆಯನ್ನು ಇಳಿಸಬೇಕು. ಹಳೆಯ ಸಲಾಕೆಯನ್ನು ಕಳಚಿ, ಅದೇ ಮಾದರಿಯ, ಅದೇ ಸುತ್ತಿನ ಮರೆಯುಳ್ಳ ಹೊಸದನ್ನು ತಿರುಗಿಸಿ ಕೂಡಿಸಬೇಕು. ಸಲಾಕೆಗೂ ತಟ್ಟೆಗೂ ಲೋಹಕ್ಕೆ ಲೋಹ ತಾಗಿರಬೇಕು; ನಡುವೆ ತುಕ್ಕೋ ಸುಣ್ಣವೋ ಬಣ್ಣವೋ ಉಳಿದರೆ ಇಲೆಕ್ಟ್ರಾನುಗಳಿಗೆ ದಾರಿಯಿಲ್ಲದೆ ಸಲಾಕೆ ಸುಮ್ಮನೆ ನೀರಿನಲ್ಲಿ ನಿಂತಿರುತ್ತದೆ. ಕಾಯಿಲಿನ ಮೇಲಿನ ಸುಣ್ಣವನ್ನೂ, ತಳದಲ್ಲಿ ಕುಳಿತ ಕೆಸರನ್ನೂ ಆಗಲೇ ತೆಗೆಯಬೇಕು. ಗಾಜಿನ ಲೇಪಕ್ಕೆ ಕಬ್ಬಿಣದ ಉಪಕರಣ ತಾಗಿಸಬಾರದು. ರಬ್ಬರಿನ ವಾಷರ್ ಹಳೆಯದನ್ನೇ ಮತ್ತೆ ಹಾಕುವ ಜಿಪುಣತನ ಬೇಡ. ನಟ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಬೇಕು. ಅನಂತರ ನೀರು ಬಿಟ್ಟು, ಬಿಸಿನೀರಿನ ನಳದಲ್ಲಿ ಗಾಳಿಯೆಲ್ಲ ಹೋಗಿ ನೀರು ಒಂದೇ ಧಾರೆಯಾಗಿ ಬೀಳುವವರೆಗೆ ಕಾಯ್ದು, ಎಲ್ಲಿಯೂ ಜಿನುಗದಿರುವುದನ್ನು ನೋಡಿ, ಮುಚ್ಚಳ ಹಾಕಿದ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಬೇಕು. ಬರಿದಾದ ಟ್ಯಾಂಕಿಗೆ ವಿದ್ಯುತ್ತು ಕೊಟ್ಟರೆ ಕಾಯಿಲು ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಇದಕ್ಕೆ ತಗಲುವ ವೆಚ್ಚ ನೂರುಗಳಲ್ಲಿ. ಹೊಸ ಗೀಸರಿನ ವೆಚ್ಚ ಸಾವಿರಗಳಲ್ಲಿ. ನಾವು ಎರಡನೆಯದನ್ನು ತೆತ್ತವರು.

ಮಾಳಿಗೆಯ ಮೇಲೆ ಸೌರ ಗೀಸರು ಇರುವವರೂ ಇದನ್ನು ಮರೆಯುವಂತಿಲ್ಲ. ಉಕ್ಕಿಗೆ ಲೇಪ ಕೊಟ್ಟ ಸೌರ ಟ್ಯಾಂಕುಗಳಲ್ಲಿಯೂ ಇಂಥದೇ, ಆದರೆ ಇನ್ನೂ ಉದ್ದವಾದ ಸಲಾಕೆ ಇರುತ್ತದೆ. ಆ ಕೆಲಸವನ್ನು ಬಿಸಿಲೇರುವ ಮೊದಲೇ, ಟ್ಯಾಂಕಿನ ಬಿಸಿನೀರನ್ನು ಖಾಲಿ ಮಾಡಿಕೊಂಡು ಮಾಡಬೇಕು. ಮಧ್ಯಾಹ್ನದ ಹೊತ್ತಿನ ನೀರು ಮೈಯನ್ನು ಬೇಯಿಸಬಲ್ಲುದು. ಸ್ಟೇನ್‌ಲೆಸ್ ಉಕ್ಕಿನ ಅಥವಾ ತಾಮ್ರದ ಟ್ಯಾಂಕಿನಲ್ಲಿ ಸಲಾಕೆ ಇದೆಯೋ ಇಲ್ಲವೋ ಎಂಬುದನ್ನು ಕೊಳ್ಳುವಾಗಲೇ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಬೇಕು.

ಬಿಸಿನೀರಿಗೆ ಕೊಳೆತ ತತ್ತಿಯ ನಾತ ಬಂದರೆ ಕೆಲವರು ಸಲಾಕೆಯದೇ ದೋಷವೆಂದು ಅದನ್ನು ಕಿತ್ತೊಗೆಯುತ್ತಾರೆ. ನೀರಿನಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಗಳು, ಸಲಾಕೆ ಸವೆಯುವಾಗ ಹುಟ್ಟುವ ಜಲಜನಕದ ನೆರವಿನಿಂದ, ಗಂಧಕದ ಲವಣಗಳನ್ನು ಆ ನಾತದ ಅನಿಲವನ್ನಾಗಿ ಮಾರ್ಪಡಿಸುತ್ತವೆ. ಟ್ಯಾಂಕನ್ನು ತೊಳೆದು, ನೀರನ್ನು ಕೆಲಕಾಲ 60 ಡಿಗ್ರಿಗೂ ಮೇಲೆ ಕಾಯಿಸಿ ಹರಿಯಬಿಡುವುದು, ಅದಕ್ಕೂ ಬಗ್ಗದಿದ್ದರೆ ಅಲ್ಯುಮಿನಿಯಮ್-ಸತುವಿನ ಸಲಾಕೆ ಹಾಕಿಸುವುದು ಸರಿಯಾದ ಪರಿಹಾರ. ಕಿತ್ತೊಗೆದರೆ ನಾತ ಹೋದೀತು, ಟ್ಯಾಂಕೂ ಹೋದೀತು. ಇದೇ ಜಲಜನಕದ ಕಾರಣದಿಂದ, ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಮನೆ ಮುಚ್ಚಿ ಮರಳಿದವರು ಮೊದಲು ಬಿಸಿನೀರಿನ ನಳವನ್ನು ಕೆಲ ನಿಮಿಷ ಹಾಗೆಯೇ ಬಿಟ್ಟಿರಬೇಕು. ಬಚ್ಚಲಿನ ಕಿಟಕಿ ತೆರೆದಿರಲಿ, ಹತ್ತಿರ ಕಡ್ಡಿ ಗೀರಬಾರದು.

ಸಲಾಕೆ ಟ್ಯಾಂಕನ್ನು ಕಾಯುತ್ತದೆಯೇ ಹೊರತು ಮನುಷ್ಯರನ್ನಲ್ಲ. ಆ ಕೆಲಸ ಅರ್ಥಿಂಗಿನದು. ಅದರ ತಂತಿ ಸಾಕೆಟ್ಟಿನಿಂದ ನೆಲದ ಗುಂಡಿಯವರೆಗೆ ಎಲ್ಲಿಯೂ ಕಡಿಯದೆ ಹೋಗಿದೆಯೆಂದು ತಿಳಿದವನಿಂದ ಅಳೆಯಿಸಿ ನೋಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಗುಂಡಿ ಒಣಗಿ ಹೋಗುವುದರಿಂದ ಅದಕ್ಕೆ ನೀರೆರೆಯುವುದೂ ಅಗತ್ಯ. ಇದರ ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಮೇನ್ ಬೋರ್ಡಿನಲ್ಲಿ ಕೂಡಿಸಿಕೊಂಡರೆ, ವಿದ್ಯುತ್ತು ಸ್ವಲ್ಪ ಸೋರಿದರೂ ಅದು ತಾನಾಗಿ ಬೀಳುತ್ತದೆ. ಆ ಜನವರಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಇವೆರಡೂ ಇರಲಿಲ್ಲ. ತಾಯಿಯವರ ಕಾಲಲ್ಲಿ ರಬ್ಬರಿನ ಚಪ್ಪಲಿಯಿತ್ತು, ಅಷ್ಟೇ.

ಹೊಸ ಗೀಸರಿನ ಸಲಾಕೆಯನ್ನು ಈವರೆಗೆ ಎರಡು ಸಲ ಬದಲಾಯಿಸಿದ್ದೇವೆ. ಬದಲಾಯಿಸಿದ ದಿನಾಂಕವನ್ನು ಬಚ್ಚಲಿನ ಬಾಗಿಲ ಹಿಂದೆ ಎಣ್ಣೆಬಣ್ಣದಲ್ಲಿ ಬರೆದಿದೆ, ಕನ್ನಡದ ಅಂಕಿಗಳಲ್ಲಿ. ತಾಯಿಯವರಿಗೆ ಓದಲು ಬಾರದು. ಆದರೂ ಸಂಕ್ರಮಣ ಹತ್ತಿರವಾದಂತೆ, "ತಮ್ಮಾ, ಆ ರಾಡ್ ತೆಗೆದು ನೋಡಿದ್ಯೇನೋ?" ಎಂದು ಕೇಳುವವರು ಅವರೇ. ಮಿಸ್ತ್ರಿ ಅಂದು ಹೊರಗೆಳೆದ ಹಳೆಯ ತಂತಿ ಈಗ ನಮ್ಮ ಶಾಲೆಯ ಮೇಜಿನ ಮೇಲೆ, ಸೀಮೆಸುಣ್ಣದ ಪೆಟ್ಟಿಗೆಯಲ್ಲಿದೆ.